ಗೆಟ್ಟಿಸ್‌ಬರ್ಗಾ, ವಿಕ್ಸ್‌ಬರ್ಗಾ? ಅಮೆರಿಕದ ಅಂತರ್ಯುದ್ಧ ತಿರುಗಿದ್ದು ಎಲ್ಲಿ?

ಮೆಂಫಿಸ್_ಮಾವ

ಕಳೆದ ಶನಿವಾರ ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಕೊಂಡು ಹೈವೇ 61 ಹಿಡಿದು ವಿಕ್ಸ್‌ಬರ್ಗಿಗೆ ಹೋಗಿಬಂದೆ. ಮಿಸಿಸಿಪಿ ನದಿಯನ್ನು ಎರಡು ವರ್ಷ ಕಟ್ಟಿಹಾಕಿದ್ದ ಊರು ಅಂತ ಓದಿಕೊಂಡು ಹೋಗಿದ್ದೆ. ದಿಬ್ಬದ ಮೇಲೆ ಸಾಲಾಗಿ ಫಿರಂಗಿಗಳು ಇವೆ, ಬಾಯಿ ಪಶ್ಚಿಮಕ್ಕೆ. ಅವು ಗುರಿಯಿಟ್ಟ ಕಡೆ ಬಗ್ಗಿ ನೋಡಿದರೆ ಆ ಮಹಾನದಿಯೇ ಇಲ್ಲ! ಕೆಳಗೆ ಸುಮ್ಮನೆ ಮಲಗಿರುವ ಒಂದು ಕಾಲುವೆ, ಅದರಾಚೆ ಮರಗಳು. ಮಗಳು ಕೇಳಿಯೇಬಿಟ್ಟಳು, "ಅಪ್ಪಾ, ಇವರು ಯಾರಿಗೆ ಹೊಡೀತಿದ್ರು, ಮರಕ್ಕಾ?"

ವಿಷಯ ಏನೆಂದರೆ 1876ರಲ್ಲಿ ನದಿ ತಾನೇ ದಾರಿ ಬದಲಿಸಿಕೊಂಡು ಊರನ್ನು ಬಿಟ್ಟು ಹೋಯಿತು. ಯಾಜೂ ನದಿಯ ನೀರನ್ನು ಕಾಲುವೆ ತೋಡಿ ಊರ ಮುಂದಕ್ಕೆ ತಂದದ್ದು 1903ರಲ್ಲಿ. ಅಂದರೆ ಯುದ್ಧ ಮುಗಿದು ಹನ್ನೊಂದೇ ವರ್ಷಕ್ಕೆ, ಯಾವ ತಿರುವಿಗಾಗಿ ಅಷ್ಟು ಜನ ಸತ್ತರೋ ಆ ತಿರುವೇ ಇಲ್ಲವಾಯಿತು.

ಈಗ ನನ್ನ ತಕರಾರು. 1861ರಿಂದ 65ರವರೆಗೆ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧ ಅಂದ ತಕ್ಷಣ ಎಲ್ಲರ ಬಾಯಲ್ಲೂ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್. ಸಿನಿಮಾ ಅದರದ್ದೇ, ಲಿಂಕನ್ ಭಾಷಣ ಅಲ್ಲಿಯದೇ. ಆದರೆ ಗೆಟ್ಟಿಸ್‌ಬರ್ಗ್ ಮುಗಿದದ್ದು 1863ರ ಜುಲೈ 3ಕ್ಕೆ, ವಿಕ್ಸ್‌ಬರ್ಗ್ ಶರಣಾದದ್ದು ಮಾರನೇ ದಿನ. ಅಲ್ಲಿ ಸೋತ ದಕ್ಷಿಣದ ದಂಡನಾಯಕ ಲೀ ತನ್ನ ಸೈನ್ಯ ಕಟ್ಟಿಕೊಂಡು ಮನೆಗೆ ಹೋದ, ಆಮೇಲೆ ಇನ್ನೂ 21 ತಿಂಗಳು ಕಾದಾಡಿದ. ಇಲ್ಲಿ ಸೋತ ದಕ್ಷಿಣದ ಇನ್ನೊಬ್ಬ ದಂಡನಾಯಕ ಪೆಂಬರ್ಟನ್ ಸುಮಾರು 29,500 ಸೈನಿಕರನ್ನೂ 172 ಫಿರಂಗಿಗಳನ್ನೂ ಉತ್ತರದ ದಂಡನಾಯಕ ಗ್ರಾಂಟ್ ಕೈಗೆ ಒಪ್ಪಿಸಿದ. ನದಿ ಪೂರ್ತಿ ಉತ್ತರದವರ ಪಾಲಾಯಿತು, ದಕ್ಷಿಣ ಎರಡು ಹೋಳಾಯಿತು. ಯುದ್ಧ ತಿರುಗಿದ್ದು ಇಲ್ಲೇ ಅಂತ ನನ್ನ ವಾದ. ಒಪ್ಪದವರು ಬನ್ನಿ.

ಹಳೇಮೇಷ್ಟ್ರು

ಒಳ್ಳೆಯ ಎಳೆ ತೆಗೆದಿರಿ ಮಾವನವರೇ. ಭೂಪಟ ಕೈಯಲ್ಲಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ.

ಆಗ ಮಿಸಿಸಿಪಿ ಎಂದರೆ ಬರೀ ನದಿಯಲ್ಲ. ಒಹಾಯೊ, ಇಂಡಿಯಾನಾ, ಇಲಿನಾಯ್ ರೈತರು ಬೆಳೆದ ಧಾನ್ಯ ತೇಲಿಕೊಂಡು ನ್ಯೂ ಆರ್ಲಿಯನ್ಸಿಗೆ ಇಳಿದು ಸಮುದ್ರ ಸೇರುತ್ತಿದ್ದ ಹೆದ್ದಾರಿ. 1861ರಲ್ಲಿ ಉತ್ತರದ ಮುದಿ ದಂಡನಾಯಕ ವಿನ್‌ಫೀಲ್ಡ್ ಸ್ಕಾಟ್ ಒಂದು ಯೋಜನೆ ಮಂಡಿಸಿದ. ಕರಾವಳಿಯನ್ನು ಹಡಗುಗಳಿಂದ ಮುಚ್ಚಿ, ನದಿಯನ್ನು ಮೇಲಿಂದ ಕೆಳಗಿನವರೆಗೆ ಹಿಡಿದು, ದಕ್ಷಿಣವನ್ನು ನಿಧಾನಕ್ಕೆ ಹಿಸುಕುವುದು. ಪತ್ರಿಕೆಯವರು ಅದಕ್ಕೆ 'ಅನಕೊಂಡ' ಎಂದು ಅಡ್ಡಹೆಸರಿಟ್ಟು ನಕ್ಕರು. ನಗು ಒಂದು ವರ್ಷವೂ ಉಳಿಯಲಿಲ್ಲ. 1862ರ ವಸಂತದಲ್ಲಿ ಉತ್ತರದ ನೌಕಾಪಡೆಯ ಫ್ಯಾರಗಟ್ ಸಮುದ್ರದ ಕಡೆಯಿಂದ ಬಂದು ನ್ಯೂ ಆರ್ಲಿಯನ್ಸ್ ಹಿಡಿದ. ಜೂನ್ 6ಕ್ಕೆ ಮೇಲಿನ ಮೆಂಫಿಸ್ ಬಿತ್ತು. ನಡುವೆ ದಕ್ಷಿಣದವರ ಕೈಯಲ್ಲಿ ಉಳಿದದ್ದು ವಿಕ್ಸ್‌ಬರ್ಗ್, ಅದರ ಕೆಳಗೆ ಪೋರ್ಟ್ ಹಡ್ಸನ್ ಕೋಟೆ.

ವಿಕ್ಸ್‌ಬರ್ಗಿನ ಜಾಗ ಎಂಥದೆಂದರೆ ನದಿ ಅಲ್ಲಿ ಹೆಣ್ಣುಮಕ್ಕಳ ಹೇರ್‌ಪಿನ್ನಿನಂತೆ ಬಾಗಿತ್ತು. ತಿರುವು ದಾಟಲು ಹಡಗು ವೇಗ ತಗ್ಗಿಸಲೇಬೇಕು, ತಗ್ಗಿಸಿದ ಕಡೆಯೇ ಇನ್ನೂರು ಅಡಿ ಎತ್ತರದ ದಿಬ್ಬದಿಂದ ಗುಂಡು. ಉತ್ತರಕ್ಕೆ ಯಾಜೂ ನದಿಯ ಜೌಗು. ಪಶ್ಚಿಮಕ್ಕೆ ನದಿ. ಒಣ ನೆಲದ ಮೇಲೆ ಬರಬೇಕಾದರೆ ಪೂರ್ವದಿಂದಲೇ ಬರಬೇಕು.

ದಕ್ಷಿಣದವರ ಅಧ್ಯಕ್ಷ ಜೆಫರ್‌ಸನ್ ಡೇವಿಸ್‌ನ ಸ್ವಂತ ತೋಟವೂ ಈ ಊರಿಗೆ ಸ್ವಲ್ಪ ಕೆಳಗೆ ಅದೇ ನದಿಯ ದಂಡೆಯಲ್ಲಿತ್ತು. ಅವನಿಗೆ ಆ ನೆಲದ ಮೇಲೆ ಎಷ್ಟು ಮಮಕಾರ ಇದ್ದಿರಬೇಕು, ನೀವೇ ಯೋಚಿಸಿ. ಆ ಮಮಕಾರವೇ ಮುಂದೆ ಒಂದು ಸೈನ್ಯವನ್ನು ತಿಂದಿತು ಅನ್ನುವುದು ನನ್ನ ಅನುಮಾನ.

ಗುಂಡುಸೂಜಿ

ಊದಿದ ಬಲೂನು ಕಂಡರೆ ನನಗೆ ಕೈ ಸುಮ್ಮನಿರಲ್ಲ, ಕ್ಷಮಿಸಿ.

"ದಕ್ಷಿಣ ಎರಡು ಹೋಳಾಯಿತು" ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಆ ಇನ್ನೊಂದು ಹೋಳಿನಲ್ಲಿ ಏನಿತ್ತು? ಟೆಕ್ಸಸ್, ಅರ್ಕಾನ್ಸಾ, ಲೂಸಿಯಾನಾದ ಬಹುಪಾಲು. ದನ, ಕುದುರೆ, ಉಪ್ಪು, ಸಕ್ಕರೆ, ಮೆಕ್ಸಿಕೊದ ಮಟಮೋರಸ್ ಮೂಲಕ ಕದ್ದು ಬರುವ ಯುರೋಪಿನ ಬಂದೂಕು. ಸರಿ. ಆದರೆ ಅವೆಲ್ಲ ಎಷ್ಟರಮಟ್ಟಿಗೆ ಪೂರ್ವಕ್ಕೆ ದಾಟುತ್ತಿದ್ದವು? ದಕ್ಷಿಣದಲ್ಲಿ ಮಿಸಿಸಿಪಿಗೆ ಅಡ್ಡಲಾಗಿ ಒಂದೇ ಒಂದು ಸೇತುವೆ ಇರಲಿಲ್ಲ. ಪಶ್ಚಿಮ ದಂಡೆಯ ರೈಲು ಮನ್ರೋ ಊರಿಗೇ ನಿಂತಿತ್ತು, ಟೆಕ್ಸಸ್ ಮುಟ್ಟಿರಲೇ ಇಲ್ಲ. ನದಿಯ ಮೇಲೆ ಆಗಲೇ ಉತ್ತರದವರ ಗನ್‌ಬೋಟುಗಳು ಗಸ್ತು ತಿರುಗುತ್ತಿದ್ದವು. ಬಾಗಿಲು ಮುಕ್ಕಾಲು ಮುಚ್ಚಿತ್ತು, ಚಿಲಕ ಹಾಕಿದ್ದನ್ನೇ ನೀವು ಕೋಟೆ ಗೆದ್ದ ಹಾಗೆ ಹೇಳುತ್ತೀರಿ.

ಇನ್ನು ಉತ್ತರದ ರೈತರ ಕಥೆ. ಯುದ್ಧಕ್ಕೆ ಮೊದಲೇ ಧಾನ್ಯದ ದೊಡ್ಡ ಪಾಲು ರೈಲು, ಕಾಲುವೆ ಹಿಡಿದು ನ್ಯೂಯಾರ್ಕ್ ಕಡೆಗೆ ತಿರುಗಿಯಾಗಿತ್ತು.

ಗೆಟ್ಟಿಸ್‌ಬರ್ಗಿನಲ್ಲಿ ಲೀ ಗೆದ್ದಿದ್ದರೆ? ಹಾದಿ ವಾಷಿಂಗ್ಟನ್ನಿಗೆ. ವಿಕ್ಸ್‌ಬರ್ಗಿನಲ್ಲಿ ಗ್ರಾಂಟ್ ಸೋತಿದ್ದರೆ? ಇನ್ನೊಬ್ಬ ದಂಡನಾಯಕ ಬಂದು ಇನ್ನೊಂದು ವರ್ಷ ಕೆಸರು ತುಳಿಯುತ್ತಿದ್ದ, ಅಷ್ಟೇ.

ಪ್ರಶ್ನೆಪುಟ್ಟಿ

ದೊಡ್ಡವರ ನಡುವೆ ಒಂದು ಪೆದ್ದು ಪ್ರಶ್ನೆ. ತಿರುವೇ ತೊಂದರೆ ಅಂದಮೇಲೆ ತಿರುವಿನ ಬುಡದಲ್ಲಿ ಕಾಲುವೆ ತೋಡಿ ಹಡಗನ್ನು ಅಡ್ಡದಾರಿಯಲ್ಲಿ ಕಳಿಸಬಹುದಿತ್ತಲ್ವಾ? ವಿಕ್ಸ್‌ಬರ್ಗನ್ನು ಹಾಗೇ ಬಿಟ್ಟುಬಿಡಬಹುದಿತ್ತು.

ಮೆಂಫಿಸ್_ಮಾವ

@ಪ್ರಶ್ನೆಪುಟ್ಟಿ ಪೆದ್ದು ಪ್ರಶ್ನೆ ಅಲ್ಲಮ್ಮ, ಅದೇ ಪ್ರಶ್ನೆ ಕೇಳಿಕೊಂಡು ಸಾವಿರಾರು ಜನ ಜ್ವರದಲ್ಲಿ ಮಲಗಿದರು. 1862ರ ಬೇಸಿಗೆಯಲ್ಲಿ ಉತ್ತರದ ಜನರಲ್ ವಿಲಿಯಮ್ಸ್ ತಿರುವಿನ ನಡುವಿನ ನೆಲದ ನಾಲಿಗೆಗೆ ಅಡ್ಡಲಾಗಿ ಕಾಲುವೆ ಶುರುಮಾಡಿದ. ಸುತ್ತಲಿನ ತೋಟಗಳಿಂದ ಸಾವಿರಕ್ಕೂ ಹೆಚ್ಚು ಗುಲಾಮರನ್ನು ತಂದು ಅಗೆಸಿದರು. ಮಲೇರಿಯಾ ಹೊಡೆತಕ್ಕೆ ಕೆಲಸ ನಿಂತಿತು. 1863ರ ಜನವರಿಯಲ್ಲಿ ಗ್ರಾಂಟ್ ಮತ್ತೆ ಶುರುಮಾಡಿಸಿದ, ಮಾರ್ಚಿನಲ್ಲಿ ನದಿ ಉಕ್ಕಿ ಎಲ್ಲ ಮುಳುಗಿಸಿತು. ಆ ಕಾಲುವೆಯ ಒಂದು ತುಂಡು ಇವತ್ತಿಗೂ ಲೂಸಿಯಾನಾ ಕಡೆ ಉಳಿದಿದೆ, ನೋಡಿದೆ. ನಮ್ಮೂರ ಕೆರೆ ಕೋಡಿಯಷ್ಟೂ ಇಲ್ಲ. ತಮಾಷೆ ಏನೆಂದರೆ 1876ರಲ್ಲಿ ನದಿ ದಾರಿ ಬದಲಿಸಿದ್ದು ಅದೇ ನೆಲದ ನಾಲಿಗೆಯನ್ನು ಕತ್ತರಿಸಿಕೊಂಡು! ಅವರಿಗೆ ಆಗದ್ದನ್ನು ಅದು ತಾನೇ ಮಾಡಿಕೊಂಡಿತು.

ಅದೊಂದೇ ಅಲ್ಲ. ಲೇಕ್ ಪ್ರಾವಿಡೆನ್ಸ್ ದಾರಿ, ಯಾಜೂ ಪಾಸ್, ಸ್ಟೀಲ್ಸ್ ಬಯೂ, ಇದ್ದಬದ್ದ ಹಳ್ಳಕೊಳ್ಳಗಳಲ್ಲೆಲ್ಲ ಹಡಗು ತೂರಿಸಿ ನೋಡಿದರು. ಮರದ ಕೊಂಬೆಗಳು ಹೊಗೆಕೊಳವೆ ಮುರಿದು ಹಾಕುತ್ತಿದ್ದವಂತೆ. ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ಗ್ರಾಂಟ್ ಕೈಕೆಳಗಿನ ಶರ್ಮನ್ ಚಿಕಸಾ ಬಯೂದಲ್ಲಿ ನೇರ ನುಗ್ಗಿ ಪೆಟ್ಟು ತಿಂದಿದ್ದ.

ಕೊನೆಗೆ ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾಪಡೆಯ ಪೋರ್ಟರನ ಹಡಗುಗಳು ದೀಪ ಆರಿಸಿಕೊಂಡು ದಿಬ್ಬದ ಕೆಳಗಿಂದಲೇ ಹಾಯ್ದವು. ಕಂಡ ಕೂಡಲೇ ದಕ್ಷಿಣದವರು ಎದುರು ದಂಡೆಯ ಮನೆಗಳಿಗೆ ಬೆಂಕಿ ಇಟ್ಟು ನದಿಯನ್ನೇ ಬೆಳಗಿಸಿದರು. ಅಷ್ಟು ಗುಂಡು ಸುರಿದರೂ ಮುಳುಗಿದ್ದು ಒಂದೇ ಸಾಗಣೆ ಹಡಗು. ಸಾಗಣೆ ಹಡಗುಗಳಿಗೆ ಕಬ್ಬಿಣದ ಕವಚ ಇರಲಿಲ್ಲ, ಬಾಯ್ಲರ್ ಸುತ್ತ ಹತ್ತಿ ಮೂಟೆ, ಒದ್ದೆ ಹುಲ್ಲು ಒಟ್ಟಿದ್ದರು.

ಧಾರವಾಡ_ಫೇಡೆ

ಹತ್ತಿ ಅಂಡಿಗಿ ಅಂದ ಕೂಡ್ಲೆ ನಾ ಎದ್ದು ಕುಂತೆ ನೋಡ್ರಿ. ಗುಂಡುಸೂಜಿಯವರ, ನೀವು ಬಾಗಲಾ, ಚಿಲಕಾ ಅಂತ ಮಾತಾಡಿದ್ರಿ. ಆ ಚಿಲಕದ ಸಪ್ಪಳ ನಮ್ಮ ಕಡಿಗೂ ಕೇಳಿಸೇತಿ.

ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ನಮ್ಮ ಧಾರವಾಡ ಸೀಮಿಗೆ 1840ರ ದಶಕದಾಗನ ಬಂದಿತ್ತು. ಅದನ್ನ ಕಲಸಾಕ ಅಮೆರಿಕದ ತೋಟಗಾರ್‍ರನ್ನೂ ಕಂಪನಿ ಸರ್ಕಾರ ಕರಸಿತ್ತು. ನಮ್ಮ ಮಂದಿ ಅದಕ್ಕ ವಿಲಾಯತಿ ಹತ್ತಿ ಅಂದ್ರು, ನಮ್ಮದಕ್ಕ ಜವಾರಿ ಹತ್ತಿ. ಪ್ಯಾಟ್ಯಾಗ ಅದರ ಹೆಸರು 'ಧಾರವಾಡ ಅಮೆರಿಕನ್'. ಅಲ್ಲಿ ಯುದ್ಧ ಹತ್ತಿ, ದಕ್ಷಿಣದ ಬಂದರಾ ಮುಚ್ಚಿದ ಕೂಡ್ಲೆ ಲಿವರ್‌ಪೂಲಿನಾಗ ಹತ್ತಿ ರೇಟು ಮೂರು-ನಾಕು ಪಟ್ಟು ಏರ್ತು. ಮುಂಬೈ ಶೇಟಜೀಗಳು ಹುಚ್ಚೆದ್ದು ಕೊಂಡ್ರು. ಆಸಿಗೆ ಬಿದ್ದ ಮಂದಿ ಹತ್ಯಾಗ ಕಸಾ, ಕಾಳು, ನೀರು ಕಲಸಾಕ ಹತ್ತಿದ್ರು ಅಂತ 1863ರಾಗ ಮುಂಬೈ ಸರ್ಕಾರ ಹತ್ತಿ ಕಲಬೆರಕಿ ಕಾಯ್ದೇನ ಮಾಡಬೇಕಾತು. ಅದ 1863, ಗಮನಾ ಇರ್ಲಿ.

ದಕ್ಷಿಣದವರ ಲೆಕ್ಕಾಚಾರ ಏನಿತ್ತು? ನಮ್ಮ ಹತ್ತಿ ಇಲ್ಲಂದ್ರ ಇಂಗ್ಲಂಡ್ ಉಪಾಸ ಬೀಳ್ತೈತಿ, ಓಡಿ ಬಂದು ನಮ್ಮ ಕೈ ಹಿಡಿತೈತಿ ಅಂತ. ಲ್ಯಾಂಕಶೈರ್ ನೇಕಾರ್‍ರು ಖರೇನ ಉಪಾಸ ಬಿದ್ರು. ಹಿಂದೂಸ್ತಾನದ ಗಿಡ್ಡ ಎಳಿ ಹತ್ತಿಗೆ ಶಾಪಾ ಹಾಕ್ಕೋತನ ನೇದ್ರು. ಆದ್ರ ಇಂಗ್ಲಂಡ್ ಬರ್ಲಿಲ್ಲ. ಈಜಿಪ್ತ ಮತ್ತ ನಮ್ಮ ಹತ್ತಿ ಅದಕ್ಕ ಒಂದು ಕಾರಣ.

1865ಕ್ಕ ಯುದ್ಧ ಮುಗೀತು, ರೇಟು ದಬಕ್ಕಂತ ಬಿತ್ತು, ಮುಂಬೈದಾಗ ಬ್ಯಾಂಕು ಮುಳುಗಿದ್ವು. ನಮ್ಮ ರೈತಗ ಏನ ಉಳೀತು ಅಂತ ಕೇಳಬ್ಯಾಡ್ರಿ.

ಕುಮಟಾ_ಕಡಲು

ಫೇಡೆಯವರೇ, ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ. ನಿಮ್ಮ ಜವಾರಿ ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ನಮ್ಮೂರಲ್ಲಿ, ಹಾಗಾಗಿ ಲಿವರ್‌ಪೂಲಿನವರ ಬಾಯಲ್ಲಿ ಅದು 'ಕುಮಟಾ' ಹತ್ತಿ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ. ಕಾರವಾರವನ್ನು ದೊಡ್ಡ ಬಂದರು ಮಾಡಿ ಧಾರವಾಡದ ಹತ್ತಿ ಎತ್ತಬೇಕು ಅಂತ ಮ್ಯಾಂಚೆಸ್ಟರಿನವರ ಒತ್ತಡ ಇತ್ತು. ನಮ್ಮ ಜಿಲ್ಲೆ ಯಾವ ರಾಜ್ಯದಲ್ಲಿರಬೇಕು ಅನ್ನುವುದಕ್ಕೂ ಆ ಕಾಲದ ಹತ್ತಿಯ ಹಸಿವಿಗೂ ನಂಟು! ವಿಷಯಾಂತರ ಆಯಿತು, ಮುಂದುವರಿಸಿ.

ಫೌಜಿ_ಕೊಡಗು

ಎರಡು ದಿನದಿಂದ ಸುಮ್ಮನೆ ಓದುತ್ತಿದ್ದೆ. ಸರ್ವಿಸಿನಲ್ಲಿ ನನ್ನ ಕೆಲಸವೇ ಸಪ್ಲೈ. ಆ ಕಣ್ಣಿನಿಂದ ನಾಲ್ಕು ಮಾತು.

ನೀವೆಲ್ಲ ಮುತ್ತಿಗೆಯನ್ನೇ ನೋಡುತ್ತಿದ್ದೀರಿ. ಮುತ್ತಿಗೆ 47 ದಿನ ನಡೆಯಿತು ನಿಜ. ಆದರೆ ಅದು ಬರೀ ಬಡ್ಡಿ ವಸೂಲಿ. ಅಸಲು ತೀರಿದ್ದು ಅದಕ್ಕೆ ಮುಂಚಿನ ಎರಡೂವರೆ ವಾರದಲ್ಲಿ.

ಏಪ್ರಿಲ್ 30ಕ್ಕೆ ಗ್ರಾಂಟ್ ವಿಕ್ಸ್‌ಬರ್ಗಿಗಿಂತ ಸಾಕಷ್ಟು ಕೆಳಗೆ, ಬ್ರೂಯಿನ್ಸ್‌ಬರ್ಗ್ ಅನ್ನುವ ಕಡೆ ನದಿ ದಾಟಿದ. ಅಲ್ಲಿ ಇಳಿದರೆ ಒಳನಾಡಿಗೆ ಒಳ್ಳೆಯ ರಸ್ತೆ ಇದೆ ಅಂತ ಹೇಳಿದವನು ಒಬ್ಬ ಕರಿಯ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಮೊದಲ ದಿನವೇ ಸುಮಾರು 17,000 ಜನ ಈ ದಂಡೆಗೆ. ಎರಡನೇ ಮಹಾಯುದ್ಧದವರೆಗೆ ಅಮೆರಿಕದ ಸೈನ್ಯ ಇಷ್ಟು ದೊಡ್ಡ ಪ್ರಮಾಣದಲ್ಲಿ ನೀರು ದಾಟಿ ಇಳಿದದ್ದೇ ಇಲ್ಲ.

ಇಳಿದವನು ಸೀದಾ ಉತ್ತರಕ್ಕೆ ವಿಕ್ಸ್‌ಬರ್ಗಿನ ಮೇಲೆ ಹೋಗಬೇಕಿತ್ತು, ಎಲ್ಲರೂ ಕಾದಿದ್ದು ಅದನ್ನೇ. ಇವನು ಈಶಾನ್ಯಕ್ಕೆ ತಿರುಗಿದ. ಮೇ 1 ಪೋರ್ಟ್ ಗಿಬ್ಸನ್, 12 ರೇಮಂಡ್, 14ಕ್ಕೆ ರಾಜ್ಯದ ರಾಜಧಾನಿ ಜಾಕ್ಸನ್. ಜಾಕ್ಸನ್‌ನಿಂದ ಪಶ್ಚಿಮಕ್ಕೆ ಮುಖ ಮಾಡಿ 16ಕ್ಕೆ ಚಾಂಪಿಯನ್ ಹಿಲ್, 17ಕ್ಕೆ ಬಿಗ್ ಬ್ಲ್ಯಾಕ್ ನದಿಯ ಸೇತುವೆ. ಐದು ಕಾಳಗ, ಐದೂ ಗೆಲುವು. ದಕ್ಷಿಣದವರ ಒಟ್ಟು ಬಲ ಕಡಿಮೆ ಇರಲಿಲ್ಲ, ಆದರೆ ಒಂದು ಕಡೆ ಸೇರಲು ಅವನು ಬಿಡಲೇ ಇಲ್ಲ.

"ಸಪ್ಲೈ ಲೈನ್ ಕತ್ತರಿಸಿಕೊಂಡು ಕಾಡಿಗೆ ನುಗ್ಗಿದ" ಅಂತ ಒಂದು ಕಥೆ ಇದೆ. ಪೂರ್ತಿ ನಂಬಬೇಡಿ. ನದಿ ದಂಡೆಯ ಗ್ರ್ಯಾಂಡ್ ಗಲ್ಫಿನಿಂದ ಗಾಡಿಗಳು ಬರುತ್ತಲೇ ಇದ್ದವು. ಮಾಂಸ, ಜೋಳ ಸುತ್ತಲ ತೋಟಗಳಿಂದ ಎತ್ತಬಹುದು, ಆದರೆ ಗುಂಡು, ಮದ್ದು, ಒಣ ಬಿಸ್ಕತ್ತು, ಕಾಫಿ, ಉಪ್ಪು ಗದ್ದೆಯಲ್ಲಿ ಬೆಳೆಯಲ್ಲ. ಗಾಡಿ ಸಾಲದೆ ತೋಟದ ಯಜಮಾನರ ಸಾರೋಟುಗಳನ್ನೇ ಹಿಡಿದು, ಉಳುವ ನೊಗಕ್ಕೆ ಕಟ್ಟಿದ ಹೇಸರಗತ್ತೆ, ಎತ್ತುಗಳಿಂದ ಎಳೆಸಿ ಮದ್ದುಗುಂಡು ಸಾಗಿಸಿದರು. ಮದುವೆ ದಿಬ್ಬಣದ ಮೆತ್ತೆ ಸೀಟಿನ ಮೇಲೆ ತೋಟಾ ಪೆಟ್ಟಿಗೆ! ಇದನ್ನು ಓದಿದಾಗ ನಾನು ಒಬ್ಬನೇ ಜೋರಾಗಿ ನಕ್ಕೆ. ಇಂಥ ಜುಗಾಡ್ ನಾವೂ ಮಾಡಿದ್ದೇವೆ.

ಈಗ ಪೆಂಬರ್ಟನ್ ಪಾಡು ನೋಡಿ. ಅಧ್ಯಕ್ಷ ಡೇವಿಸ್ ಹೇಳುತ್ತಾನೆ, ವಿಕ್ಸ್‌ಬರ್ಗ್ ಬಿಡಬೇಡ. ಮೇಲಧಿಕಾರಿ ಜಾನ್ಸ್ಟನ್ ಹೇಳುತ್ತಾನೆ, ಊರು ಹಾಳಾಗಲಿ, ಸೈನ್ಯ ತಗೊಂಡು ನನ್ನ ಹತ್ತಿರ ಬಾ. ಸಾಲದ್ದಕ್ಕೆ ಜಾನ್ಸ್ಟನ್‌ನ ಆದೇಶದ ಒಂದು ಪ್ರತಿ ಹೊತ್ತವನೇ ಉತ್ತರದವರ ಗೂಢಚಾರ, ಕಾಗದ ನೇರ ಗ್ರಾಂಟ್ ಕೈಗೆ. ಪೆಂಬರ್ಟನ್ ಎರಡೂ ಮಾತು ಕೇಳುವ ಹಾಗೆ ಅರ್ಧ ಹೊರಗೆ ಬಂದು, ಚಾಂಪಿಯನ್ ಹಿಲ್ಲಿನಲ್ಲಿ ಸಿಕ್ಕಿಬಿದ್ದ. ಅವನ ಕಡೆ ಸುಮಾರು 22,000, ಗ್ರಾಂಟ್ ಕಡೆ ಸುಮಾರು 32,000. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಮೂರು ಸಲ ಕೈ ಬದಲಾಯಿತು. ಸಂಜೆಗೆ ದಕ್ಷಿಣದವರು ಮುರಿದು ಓಡಿದರು, ಲೋರಿಂಗ್‌ನ ಡಿವಿಷನ್ ಪೂರ್ತಿಯಾಗಿ ಬೇರ್ಪಟ್ಟು ಬೇರೆ ದಿಕ್ಕಿಗೆ ಹೋಯಿತು. ಉಳಿದವರು ಬಂದು ಕೋಟೆಯೊಳಗೆ ಬಾಗಿಲು ಹಾಕಿಕೊಂಡರು.

ಬಾಗಿಲು ಹಾಕಿಕೊಂಡ ಕ್ಷಣಕ್ಕೇ ಆ ಸೈನ್ಯ ಕೈದಿಯಾಯಿತು. ಜುಲೈ 4 ಅನ್ನುವುದು ಬರೀ ಕಾಗದಪತ್ರದ ತಾರೀಕು. ಆದ್ದರಿಂದ ನನ್ನ ಓಟು ಗೆಟ್ಟಿಸ್‌ಬರ್ಗಿಗೂ ಇಲ್ಲ, ವಿಕ್ಸ್‌ಬರ್ಗ್ ಊರಿಗೂ ಇಲ್ಲ. ಮೇ 16, ಚಾಂಪಿಯನ್ ಹಿಲ್.

ರೈಲ್_ರಂಗ

ಫೌಜಿ ಸರ್‌ಗೆ ಸಲಾಂ. ಒಂದು ಸೇರಿಸುತ್ತೇನೆ. ಆ ಐದು ಕಾಳಗಗಳಲ್ಲಿ ಕೊನೆಯ ಮೂರು ಜಾಗಗಳನ್ನು ಗೆರೆ ಎಳೆದು ಸೇರಿಸಿ ನೋಡಿ, ಜಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್. ಎಳೆದದ್ದು ವಿಕ್ಸ್‌ಬರ್ಗಿನ ರೈಲು ಹಳಿ! ಕೋಟೆಗೆ ಅನ್ನ ಬರುತ್ತಿದ್ದದ್ದು ಅದೊಂದೇ ದಾರಿ. ಜಾಕ್ಸನ್ ಜಂಕ್ಷನ್, ಉತ್ತರ-ದಕ್ಷಿಣದ ಲೈನೂ ಅಲ್ಲಿ ಕೂಡುತ್ತಿತ್ತು. ಶರ್ಮನ್ ಅಲ್ಲಿ ಹಳಿ ಕಿತ್ತು ಕಾಯಿಸಿ ಬಗ್ಗಿಸಿದ.

ಅದಕ್ಕೂ ಮೊದಲೇ ಉತ್ತರದ ಗ್ರಿಯರ್‌ಸನ್ ಅನ್ನುವವನು ಸುಮಾರು 1,700 ಕುದುರೆ ಸವಾರರನ್ನು ಕಟ್ಟಿಕೊಂಡು ಟೆನೆಸಿಯಿಂದ ಹೊರಟು ಮಿಸಿಸಿಪಿ ರಾಜ್ಯವನ್ನು ಉದ್ದಕ್ಕೆ ಸೀಳಿ ಬ್ಯಾಟನ್ ರೂಜ್ ತಲುಪಿದ್ದ. ಏಪ್ರಿಲ್ 24ಕ್ಕೆ ನ್ಯೂಟನ್ ಸ್ಟೇಷನ್ನಿನಲ್ಲಿ ಇದೇ ಲೈನು ಕತ್ತರಿಸಿದ. ಪೆಂಬರ್ಟನ್ ಅವನ ಹಿಂದೆ ಜನ ಅಟ್ಟುತ್ತಿದ್ದಾಗ ಗ್ರಾಂಟ್ ನದಿ ದಾಟಿದ. ಈ ಗ್ರಿಯರ್‌ಸನ್ ಮೊದಲು ಸಂಗೀತ ಮೇಷ್ಟ್ರು. ಚಿಕ್ಕಂದಿನಲ್ಲಿ ಕುದುರೆ ಒದ್ದದ್ದಕ್ಕೆ ಅವನಿಗೆ ಕುದುರೆ ಕಂಡರೇ ಆಗುತ್ತಿರಲಿಲ್ಲ.

ಆದರೂ ನನ್ನ ಓಟು ಅಟ್ಲಾಂಟಾಕ್ಕೆ. 1864ರ ಆಗಸ್ಟ್ 23ರಂದು ಲಿಂಕನ್ ತಾನು ಚುನಾವಣೆ ಸೋಲುವ ಸಾಧ್ಯತೆಯೇ ಬಹಳ ಹೆಚ್ಚು ಅಂತ ಬರೆದು, ಮಡಚಿ, ಓದಲು ಬಿಡದೆ ಮಂತ್ರಿಗಳಿಂದ ಹಿಂಬದಿಯಲ್ಲಿ ಸಹಿ ಹಾಕಿಸಿಕೊಂಡ. ವಿಕ್ಸ್‌ಬರ್ಗ್ ಗೆದ್ದು ವರ್ಷದ ಮೇಲಾಗಿತ್ತು ಆಗ. ಸೆಪ್ಟೆಂಬರ್ 2ಕ್ಕೆ ಅಟ್ಲಾಂಟಾ ಬಿತ್ತು, ನವೆಂಬರಿನಲ್ಲಿ ಲಿಂಕನ್ ಗೆದ್ದ. ವಿಕ್ಸ್‌ಬರ್ಗ್ ಅಷ್ಟು ನಿರ್ಣಾಯಕವಾಗಿದ್ದರೆ ಅವನು ಆ ಚೀಟಿ ಬರೆಯುವ ಗತಿ ಯಾಕೆ ಬಂತು?

ಹಳೇಮೇಷ್ಟ್ರು

ರಂಗಣ್ಣ, ಅಟ್ಲಾಂಟಾ ಹಿಡಿದವರು ಯಾರು? ಶರ್ಮನ್. ಅವನ ಸೈನ್ಯದ ಒಂದು ಮುಖ್ಯ ಅಂಗ ಯಾವುದು? ವಿಕ್ಸ್‌ಬರ್ಗ್ ಗೆದ್ದ ಟೆನೆಸಿ ಸೈನ್ಯ. 1863ರ ಶರತ್ಕಾಲದಲ್ಲಿ ಟೆನೆಸಿ ರಾಜ್ಯದ ಚಾಟನೂಗಾದಲ್ಲಿ ಉತ್ತರದವರು ಸಿಕ್ಕಿಬಿದ್ದಾಗ ಬಿಡಿಸಿದವರು ಇದೇ ಗ್ರಾಂಟ್, ಇದೇ ಶರ್ಮನ್. ಅಟ್ಲಾಂಟಾದ ದಾರಿ ಹೊರಟದ್ದು ಚಾಟನೂಗಾದಿಂದ. ಅವರ ಕೈ ಬಿಡುವಾದದ್ದು ವಿಕ್ಸ್‌ಬರ್ಗ್ ಮುಗಿದದ್ದರಿಂದ. 1864ರ ಮಾರ್ಚಿನಲ್ಲಿ ಗ್ರಾಂಟ್ ಇಡೀ ಸೈನ್ಯಕ್ಕೆ ಮುಖ್ಯಸ್ಥನಾದ.

ಗುಂಡುಸೂಜಿಯವರಿಗೆ ಇನ್ನೊಂದು ಮಾತು. ಗೆಟ್ಟಿಸ್‌ಬರ್ಗ್ ಬೇರೆ, ವಿಕ್ಸ್‌ಬರ್ಗ್ ಬೇರೆ ಎಂದು ತಕ್ಕಡಿಯ ಎರಡು ತಟ್ಟೆಗೆ ಹಾಕಿ ತೂಗುವುದೇ ತಪ್ಪು. 1863ರ ಮೇ ತಿಂಗಳಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡಿನಲ್ಲಿ ಒಂದು ಪ್ರಶ್ನೆ ಎದ್ದಿತ್ತು. ಲೀಯ ಸೈನ್ಯದಿಂದ ಪಿಕೆಟ್‌ನ ಡಿವಿಷನ್ನನ್ನು ಪೆಂಬರ್ಟನ್ ಸಹಾಯಕ್ಕೆ ಕಳಿಸೋಣವೇ ಎಂದು. ಲೀ ಒಪ್ಪಲಿಲ್ಲ. ದೂರ ಹೆಚ್ಚು, ತಲುಪುವುದು ಅನುಮಾನ, ಜೂನ್ ತಿಂಗಳ ಹವೆಗೆ ಶತ್ರು ತಾನೇ ಹಿಂದೆ ಸರಿಯುತ್ತಾನೆ ಎಂಬುದು ಅವನ ವಾದ. ಬದಲಿಗೆ ತಾನು ಪೆನ್ಸಿಲ್ವೇನಿಯಾಕ್ಕೆ ನುಗ್ಗುತ್ತೇನೆ ಎಂದ. ನುಗ್ಗಿದ. ಜುಲೈ 3ರ ಮಧ್ಯಾಹ್ನ ಅದೇ ಪಿಕೆಟ್‌ನವರೂ ಸೇರಿ ಸುಮಾರು 12,500 ಜನ ಬಯಲಿನಲ್ಲಿ ನಡೆದು ಹೋಗಿ ಅರ್ಧಕ್ಕರ್ಧ ಉರುಳಿದರು. ಅದೇ ಮಧ್ಯಾಹ್ನ ವಿಕ್ಸ್‌ಬರ್ಗಿನ ಹೊರಗೆ ಒಂದು ಓಕ್ ಮರದ ಕೆಳಗೆ ಗ್ರಾಂಟ್, ಪೆಂಬರ್ಟನ್ ಕೂತು ಶರಣಾಗತಿಯ ಷರತ್ತು ಮಾತಾಡುತ್ತಿದ್ದರು.

ಆ ಮರ ಏನಾಯಿತು ಗೊತ್ತೇ? ನೆನಪಿನ ಕಾಣಿಕೆ ಬೇಕೆಂದು ಸೈನಿಕರು ಬೇರು ಸಮೇತ ಕಡಿದು ಒಯ್ದರು. ಏಸು ಸ್ವಾಮಿಯ ಶಿಲುಬೆಯ ಚೂರುಗಳ ಹಾಗೆ ಈ ಮರದಿಂದಲೂ ಬಂಡಿಗಟ್ಟಲೆ ಕಟ್ಟಿಗೆ ಹುಟ್ಟಿಕೊಂಡಿದೆ ಎಂದು ಗ್ರಾಂಟ್ ತನ್ನ ಆತ್ಮಕಥೆಯಲ್ಲಿ ಗೇಲಿ ಮಾಡುತ್ತಾನೆ.

ಗುಂಡುಸೂಜಿ

ಮೇಷ್ಟ್ರ ಪೆಟ್ಟು ತಾಗಿತು, ಒಪ್ಪುತ್ತೇನೆ. ಫೌಜಿ ಸರ್ ಹೇಳಿದ್ದನ್ನೂ ಅರ್ಧ ಒಪ್ಪುತ್ತೇನೆ. ಆದರೆ ಒಂದು ಮುಳ್ಳು ಉಳಿದಿದೆ. ಸೈನ್ಯ ಹಿಡಿದದ್ದೇ ದೊಡ್ಡದು ಅನ್ನುತ್ತೀರಿ, ಹಿಡಿದವರನ್ನು ಏನು ಮಾಡಿದರು? ಪರೋಲ್, ಅಂದರೆ ಮತ್ತೆ ಕಾದುವುದಿಲ್ಲ ಅನ್ನುವ ಮುಚ್ಚಳಿಕೆ, ಬರೆಸಿಕೊಂಡು ಮನೆಗೆ ಬಿಟ್ಟರು! ಅವರಲ್ಲಿ ಎಷ್ಟೋ ಜನ ಕೆಲವೇ ತಿಂಗಳಲ್ಲಿ ಮತ್ತೆ ಬಂದೂಕು ಹಿಡಿದರು.

ಫೌಜಿ_ಕೊಡಗು

ಮೂವತ್ತು ಸಾವಿರ ಹಸಿದ ಬಾಯಿಗಳನ್ನು ಹಡಗು ಹತ್ತಿಸಿ ಉತ್ತರದ ಜೈಲುಗಳಿಗೆ ಸಾಗಿಸಬೇಕಾದರೆ ಎಷ್ಟು ಹಡಗು, ಎಷ್ಟು ಕಾವಲು, ಎಷ್ಟು ಊಟ ಬೇಕು, ಲೆಕ್ಕ ಹಾಕಿ ನೋಡಿ. ಗ್ರಾಂಟ್ ಮೊದಲು ಕೇಳಿದ್ದು ಷರತ್ತಿಲ್ಲದ ಶರಣಾಗತಿಯನ್ನೇ. ಆಮೇಲೆ ಹಡಗಿನ ಲೆಕ್ಕ ನೋಡಿ ಪರೋಲ್‌ಗೆ ಒಪ್ಪಿದ. ಸೋತು ಸುಣ್ಣವಾಗಿ ಮನೆಗೆ ಹೋದವರು ಸೋಲಿನ ಸುದ್ದಿಯನ್ನೂ ಹೊತ್ತು ಹೋಗುತ್ತಾರೆ ಅನ್ನುವ ಎಣಿಕೆಯೂ ಇತ್ತು. ಬಹಳ ಜನ ವಾಪಸ್ ಬರಲೇ ಇಲ್ಲ. ಬಂದವರಿದ್ದರು, ನಿಜ, ಅದು ಅವನಿಗೂ ಸಿಟ್ಟು ತರಿಸಿತು.

ಅವರ ಜೊತೆ ಸಿಕ್ಕ ಐವತ್ತು ಸಾವಿರಕ್ಕೂ ಮಿಕ್ಕಿದ ಬಂದೂಕುಗಳಿಗೆ ಮಾತ್ರ ಪರೋಲ್ ಇರಲಿಲ್ಲ. ಉತ್ತರದ ಕೆಲವು ರೆಜಿಮೆಂಟುಗಳು ತಮ್ಮ ಹಳೇ ಬಂದೂಕು ಎಸೆದು ಇವನ್ನೇ ತಗೊಂಡವು.

ಹಾಸನದ_ಹುಡುಗಿ

ಇಷ್ಟು ಹೊತ್ತೂ ಎಲ್ಲರೂ ಹತ್ತಿ, ಹಳಿ, ಹಡಗು ಲೆಕ್ಕ ಹಾಕಿದಿರಿ. ಯಾರನ್ನು ಗುಲಾಮರಾಗಿ ಇಟ್ಟುಕೊಳ್ಳಬೇಕು ಅಂತ ಈ ಯುದ್ಧ ನಡೆಯಿತೋ ಆ ಜನರ ಮಾತು ಫೌಜಿ ಅಂಕಲ್ ಹೇಳಿದ ಹೆಸರಿಲ್ಲದ ಕರಿಯನಲ್ಲಿಗೇ ಮುಗಿಯಿತು.

1863ರ ಜನವರಿ 1ಕ್ಕೆ ಲಿಂಕನ್‌ನ ಗುಲಾಮರ ವಿಮೋಚನಾ ಘೋಷಣೆ ಜಾರಿಗೆ ಬಂತು. ಅದೊಂದು ಕಾಗದ. ಅದು ನೆಲಕ್ಕೆ ಇಳಿಯಬೇಕಾದರೆ ಸೈನ್ಯ ಅಲ್ಲಿಗೆ ಹೋಗಬೇಕು. ಮಿಸಿಸಿಪಿ ಕಣಿವೆ ಅಂದರೆ ದೇಶದಲ್ಲೇ ಅತಿ ಹೆಚ್ಚು ಗುಲಾಮರಿದ್ದ ಹತ್ತಿ ತೋಟಗಳ ಸೀಮೆ. ಗ್ರಾಂಟ್ ದಂಡು ಹೋದಲ್ಲೆಲ್ಲ ತೋಟ ಬಿಟ್ಟು ಬಂದವರ ಸಾಲು. ಅದೇ ವಸಂತದಲ್ಲಿ ಲೊರೆಂಜೊ ಥಾಮಸ್ ಅನ್ನುವ ಅಧಿಕಾರಿಯನ್ನು ವಾಷಿಂಗ್ಟನ್ನಿನಿಂದ ಅಲ್ಲಿಗೆ ಕಳಿಸಿ ಕರಿಯರ ರೆಜಿಮೆಂಟುಗಳನ್ನು ಕಟ್ಟಿಸಿದರು. ಜೂನ್ 7ಕ್ಕೆ ಮಿಲಿಕೆನ್ಸ್ ಬೆಂಡಿನಲ್ಲಿ, ವಿಕ್ಸ್‌ಬರ್ಗಿಗೆ ಸ್ವಲ್ಪ ಮೇಲೆ, ಬಂದೂಕು ಹಿಡಿದು ಕೆಲವೇ ವಾರ ಆಗಿದ್ದ ಆ ಜನರ ಮೇಲೆ ಟೆಕ್ಸಸಿನವರು ಬಿದ್ದರು. ಗುಂಡು ತುಂಬಲೂ ಸರಿಯಾಗಿ ಕಲಿತಿರದವರು ಸನೀನು, ಬಂದೂಕಿನ ಹಿಡಿಯಲ್ಲಿ ಬಡಿದಾಡಿ, ನದಿ ದಂಡೆಯವರೆಗೆ ಹಿಂದೆ ಸರಿದರೂ ಮುರಿಯದೆ ನಿಂತರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕರಿಯರು ಉತ್ತರದ ಸಮವಸ್ತ್ರ ತೊಟ್ಟಿದ್ದರು. ಗುಂಡುಸೂಜಿಯವರೇ, ಆ ಕಡೆಯಿಂದ ಎಷ್ಟು ದನ ನದಿ ದಾಟಿದವು ಅಂತ ಕೇಳಿದಿರಿ. ಈ ಕಡೆ ಎಷ್ಟು ಮನುಷ್ಯರು ದಾಟಿದರು ಅಂತಲೂ ಎಣಿಸಬೇಕಲ್ಲ.

ಮಾವ, ನೀವು ಅಲ್ಲಿನ ಸ್ಮಶಾನ ನೋಡಿದಿರಾ?

ಮೆಂಫಿಸ್_ಮಾವ

ನೋಡಿದೆ ಕಣಮ್ಮ. ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು, ನಮ್ಮ ಕಡೆಯ ಕಾಫಿ ತೋಟದ ಪಟ್ಟೆಗಳ ಹಾಗೆ. ಸುಮಾರು 17,000 ಉತ್ತರದ ಸೈನಿಕರು ಅಲ್ಲಿದ್ದಾರೆ, ಅವರಲ್ಲಿ ಸುಮಾರು 13,000 ಜನರ ಹೆಸರೇ ಗೊತ್ತಿಲ್ಲ. ಹೆಸರಿಲ್ಲದವರಿಗೆ ಮೊಣಕಾಲಿಗೂ ಬಾರದ ಚಚ್ಚೌಕ ಕಲ್ಲು, ಮೇಲೆ ಬರೀ ಒಂದು ನಂಬರು. ಸಾವಿರಾರು ಕರಿಯ ಸೈನಿಕರೂ ಅಲ್ಲೇ ಮಲಗಿದ್ದಾರೆ.

ನನ್ನ ವಾದದ ಬಗ್ಗೆ: ನಾನು "ನದಿ, ನದಿ" ಅಂತ ಶುರುಮಾಡಿದೆ. ಗುಂಡುಸೂಜಿ ಚುಚ್ಚಿದ್ದು ಸರಿ. ಜುಲೈ 9ಕ್ಕೆ ಪೋರ್ಟ್ ಹಡ್ಸನ್ನೂ ಬಿತ್ತು, 16ಕ್ಕೆ ಸೇಂಟ್ ಲೂಯಿಸ್‌ನಿಂದ ಹೊರಟ 'ಇಂಪೀರಿಯಲ್' ಹಡಗು ನ್ಯೂ ಆರ್ಲಿಯನ್ಸ್ ತಲುಪಿತು. ಆದರೆ ದಂಡೆಯ ಪೊದೆಗಳಿಂದ ಗುಂಡು ಹಾರುವುದು ನಿಲ್ಲಲಿಲ್ಲ, ಹಳೇ ವ್ಯಾಪಾರ ಮೊದಲಿನಂತೆ ಮರಳಲಿಲ್ಲ. ಆಚೆ ದಂಡೆಯಲ್ಲಿ ದಕ್ಷಿಣದ ದಂಡನಾಯಕ ಕರ್ಬಿ ಸ್ಮಿತ್ ತನ್ನದೇ ಪಾಳೆಯಪಟ್ಟು ಮಾಡಿಕೊಂಡು ಲೀ ಶರಣಾದ ಮೇಲೂ ಮೇ ಕೊನೆಯವರೆಗೆ ಉಳಿದ. ಹಾಗಾಗಿ ಫೌಜಿ ಸರ್ ದಾರಿಗೆ ಬಂದೆ. ನದಿ ಸಿಕ್ಕಿದ್ದು ಲಾಭ, ಆದರೆ ಪೆಂಬರ್ಟನ್ ಸೈನ್ಯ ಇಡಿಯಾಗಿ ಇಲ್ಲವಾದದ್ದು, ಗ್ರಾಂಟ್ ಸೈನ್ಯದ ಕೈ ಬಿಡುವಾದದ್ದು, ಇವೆರಡೇ ಮುಖ್ಯ. ಮುಂದಿನ ಸಲ ಹೋದಾಗ ದಿಬ್ಬ ಬಿಟ್ಟು ಚಾಂಪಿಯನ್ ಹಿಲ್ ಕಡೆ ಕಾರು ತಿರುಗಿಸುತ್ತೇನೆ. ಹೆಂಡತಿ ಬರುವುದಿಲ್ಲ ಅಂತ ಈಗಲೇ ಹೇಳಿದ್ದಾಳೆ.

ಪ್ರಶ್ನೆಪುಟ್ಟಿ

ಒಂದು ಕೊನೇ ಪ್ರಶ್ನೆ. ಊರೊಳಗಿದ್ದ ಜನ 47 ದಿನ ಏನು ತಿಂದರು, ಎಲ್ಲಿ ಮಲಗಿದರು?

ಮೆಂಫಿಸ್_ಮಾವ

ಗುಡ್ಡದ ಮಣ್ಣು ಮೆತ್ತಗೆ, ಕೊರೆದರೆ ಕುಸಿಯಲ್ಲ. ಕೊರೆದು ಗುಹೆ ಮಾಡಿಕೊಂಡು ಮಂಚ, ಜಮಖಾನ ಎಲ್ಲ ಒಳಗೆ ಸಾಗಿಸಿದರು. ಬಟಾಣಿ ಹಿಟ್ಟಿನ ರೊಟ್ಟಿ ತಿಂದರು, ಮೇಲೆ ಗಟ್ಟಿ, ಒಳಗೆ ಹಸಿಹಸಿ. ಆಮೇಲೆ ಹೇಸರಗತ್ತೆ ಮಾಂಸ.

ಅಲ್ಲೊಂದು ಪತ್ರಿಕೆ ಇತ್ತು, 'ಡೈಲಿ ಸಿಟಿಜನ್'. ಕಾಗದ ಮುಗಿದಾಗ ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದದ ಹಿಂಬದಿಯಲ್ಲಿ ಅಚ್ಚು ಹಾಕಿದರು. ಜುಲೈ 2ರ ಸಂಚಿಕೆಯಲ್ಲಿ ಸಂಪಾದಕ ಗ್ರಾಂಟನನ್ನು ಅಣಕಿಸಿದ್ದ. ನಾಲ್ಕನೇ ತಾರೀಕು ವಿಕ್ಸ್‌ಬರ್ಗಿನಲ್ಲೇ ಊಟ ಮಾಡುತ್ತಾನಂತೆ, ಮೊಲದ ಸಾರು ಮಾಡಬೇಕಾದರೆ ಮೊದಲು ಮೊಲ ಹಿಡಿಯಬೇಕಪ್ಪ ಅಂತ. ಉತ್ತರದ ಸೈನಿಕರು ಊರೊಳಗೆ ಬಂದಾಗ ಆ ಪುಟದ ಅಚ್ಚುಮೊಳೆ ಜೋಡಿಸಿದ್ದು ಜೋಡಿಸಿದ ಹಾಗೇ ಇತ್ತು. ಕೆಳಗೆ ಒಂದು ಟಿಪ್ಪಣಿ ಸೇರಿಸಿ, ಮೊಲ ಸಿಕ್ಕಿದೆ ಅಂತ ಹಾಕಿ, ಉಳಿದ ಗೋಡೆಕಾಗದದ ಮೇಲೆ ಅವರೇ ಅಚ್ಚೊತ್ತಿದರು.